ವಿನ್ನಿಬಾಯಿ ಜಜ್ಜಿದ ಅರವತ್ತು ತೋಟೆಗಳು

ಶನಿವಾರ ಮಧ್ಯಾಹ್ನ ಅಡುಗೆಮನೆಯ ಪರದೆ ಎಳೆದುಕೊಂಡು ಕೂರುತ್ತಿದ್ದವರು ಊರಿನಿಂದ ಸಮುದ್ರದಾಚೆ, ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಒಬ್ಬರೇ, ನಮ್ಮ ಕೆಳಗಿನ ಮನೆಯ ವಿನಿಫ್ರೆಡ್. ಮಂಗಳೂರಿನ ಕಡೆಯವರು. ನಾನು ಕಲಿಸುತ್ತಿದ್ದ ಶಾಲೆಯಲ್ಲೇ ಗಣಿತ ಹೇಳಿಕೊಡುತ್ತಿದ್ದರು. ನಾನು ವಿನ್ನಿಬಾಯಿ ಎನ್ನುತ್ತಿದ್ದೆ. ಗಂಡ ಆಲ್ಫ್ರೆಡ್ ತೀರಿಕೊಂಡಾಗ ಅವರಿಗೆ ಉಳಿದದ್ದು ಅತ್ತೆ ಮತ್ತು ಒಂದು ರೈಫಲ್. ಎರಡನ್ನೂ ಬಿಟ್ಟುಕೊಡಲಿಲ್ಲ. ರೈಫಲ್ಲಿನ ಪರವಾನಗಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು, ಗಂಡ ಹೋಗುತ್ತಿದ್ದ, ಗಂಡಸರೇ ತುಂಬಿದ್ದ ಶೂಟಿಂಗ್ ಕ್ಲಬ್ಬಿಗೆ ತಾವೂ ಸೇರಿದರು.

ಇದು ಎಂಬತ್ತಾರರ ಮಾತು. ಹೊಸ ತೋಟೆ ತರಿಸಬೇಕೆಂದರೆ ಅರ್ಜಿ, ಇಂಪೋರ್ಟ್ ಲೈಸೆನ್ಸು, ತಿಂಗಳುಗಟ್ಟಲೆ ಕಾಯುವ ಕರ್ಮ. ಹಾಗಾಗಿ ಕ್ಲಬ್ಬಿನವರೆಲ್ಲ ಹಾರಿಸಿದ ತೋಟೆಯ ಹಿತ್ತಾಳೆ ಕೊಳವೆಗೇ ಮತ್ತೆ ಮದ್ದು, ಗುಂಡು ತುಂಬಿಕೊಳ್ಳುತ್ತಿದ್ದರು. ನಾಲ್ಕೈದು ಸಲ ಹಾರಿಸಿದ ಮೇಲೆ ಕೊಳವೆಯ ಕುತ್ತಿಗೆ ಪೆಡಸಾಗಿ ಸೀಳುತ್ತದೆ. ಕಾಯಿಸಿ ಅದನ್ನು ಮೆದು ಮಾಡಬೇಕು. ಬುಡಕ್ಕೆ ಮಾತ್ರ ಕಾವು ತಗಲಬಾರದು, ಸಿಡಿತ ತಡೆಯುವುದು ಅದೇ; ಅದು ಮೆದುವಾದರೆ ಹಾರಿಸುವವರ ಮುಖಕ್ಕೇ ಸಿಡಿಯುತ್ತದೆ. ವಿನ್ನಿಬಾಯಿ ಕೊಳವೆಗಳನ್ನು ಬುಡ ಮುಳುಗುವಂತೆ ನೀರಿನ ತಟ್ಟೆಯಲ್ಲಿ ನಿಲ್ಲಿಸಿ, ಕುತ್ತಿಗೆಗೆ ಉರಿ ಹಿಡಿದು, ಬಣ್ಣ ತಿರುಗಿದ ಕೂಡಲೇ ನೀರಿಗೆ ಕೆಡವುತ್ತಿದ್ದರು. ಬಣ್ಣ ಕತ್ತಲಲ್ಲಿ ಸರಿಯಾಗಿ ಕಾಣಲೆಂದೇ ಆ ಪರದೆ.

ಕ್ಲಬ್ಬಿನ ಕಾರ್ಯದರ್ಶಿ ಲಾರೆನ್ಸ್. ಅವರೂ ಮಂಗಳೂರಿನವರೇ, ಆದರೇನು. ವಾರ್ಷಿಕ ಸ್ಪರ್ಧೆಗೆ ವಾರವಿರುವಾಗ ಅವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು.

"ಕಿಚನ್‌ನಲ್ಲಿ ಕಾಯಿಸಿದ್ದು ರೇಂಜಿಗೆ ಆಗ್ಲಿಕ್ಕಿಲ್ಲ ಬಾಯಿ. ಸಂಡೆ ಕಾಂಪಿಟಿಷನ್ ಶುರು ಆಗುವ ಮೊದಲು ಎಲ್ಲ ತಂದು ತೋರಿಸಿ. ಒಂದು ಕೆಟ್ಟದ್ದು ಸಿಕ್ಕಿದ್ರೂ ನಿಮ್ಮ ಮೆಂಬರ್‌ಶಿಪ್ ಹೋಯ್ತು."

ಲಾರೆನ್ಸರು ತಮ್ಮ ಕೊಳವೆ ಕಾಯಿಸುತ್ತಿದ್ದದ್ದು ಗ್ಯಾರೇಜಿನಲ್ಲಿ, ಪೆಟ್ರೋಲ್ ತುಂಬಿದ ಕಾರಿನ ಪಕ್ಕದಲ್ಲಿ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ವಿನ್ನಿಬಾಯಿ ಮಾತ್ರ "ಆಯ್ತು, ತರ್ತೇನೆ" ಎಂದು ಬಂದರು.

ಶನಿವಾರ ನಾವಿಬ್ಬರೂ ಶಾಲೆಯಿಂದ ಬಂದಾಗ ಅವರ ಅತ್ತೆ, ನಾವೆಲ್ಲ ಮಾಯಿ ಎನ್ನುತ್ತಿದ್ದ ಮುದುಕಿ, ಬಾಗಿಲಲ್ಲೇ ನಿಂತಿದ್ದರು. ಮೇಜಿನ ಮೇಲೆ ಅರವತ್ತು ಕೊಳವೆಗಳು ಹೊಸ ಕೊಡಪಾನದಂತೆ ಹೊಳೆಯುತ್ತಿದ್ದವು.

"ಒಂದೊಂದೇ ಕಾಯಿಸ್ತಾ ಕೂತ್ರೆ ನಿನಗೆ ಯಾವಾಗ ಮುಗೀಲಿಕ್ಕೆ?" ಮಾಯಿ ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು. "ಎಲ್ಲ ಒಟ್ಟಿಗೆ ಜಿಕೋ ಒಲೆಯ ಇದ್ದಿಲ ಕೆಂಡಕ್ಕೆ ಹಾಕಿದೆ. ಊರಲ್ಲಿ ಕಂಚುಗಾರ ಹಾಗೇ ಮಾಡೂದು. ಮತ್ತೆ ಹುಣಸೆಹುಳಿ ಹಾಕಿ ತಿಕ್ಕಿದೆ."

ವಿನ್ನಿಬಾಯಿ ಒಂದು ಕೊಳವೆಯನ್ನೆತ್ತಿ ಬುಡದ ಹತ್ತಿರ ಇಕ್ಕಳದಿಂದ ಒತ್ತಿದರು. ಸಲೀಸಾಗಿ ತಗ್ಗಿತು. ಕುರ್ಚಿ ಎಳೆದು ಕುಳಿತುಬಿಟ್ಟರು.

ಆಗ ನಾನೊಂದು ಮಾತು ಆಡಿದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ. "ನೋಡಿದ್ರೆ ಯಾರಿಗೂ ಗೊತ್ತಾಗಲ್ಲ ವಿನ್ನಿಬಾಯಿ. ತೋರಿಸಿ ಪಾಸ್ ಮಾಡಿಸ್ಕೊಂಡು ಬನ್ನಿ. ಹಾರಿಸ್ಬೇಡಿ ಅಷ್ಟೇ."

"ನನಗೆ ಗೊತ್ತುಂಟಲ್ಲ ವಿಮಲಾ. ನಾಳೆ ಇದು ಇನ್ಯಾರದ್ದೋ ಕೈಗೆ ಹೋಗಿ ಅವರ ಕಣ್ಣು ಹೋದ್ರೆ?"

ಸುತ್ತಿಗೆ ತಂದರು. ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿ ಕೂತಿದ್ದ ಅತ್ತೆಯ ಕೈಗೆ ರುಬ್ಬುಗುಂಡು ಕೊಟ್ಟರು. "ಮಾಯಿ, ಅರ್ಧ ನೀವು ಜಜ್ಜಿ." ಅಂದು ಸಂಜೆ ಅತ್ತೆ ಸೊಸೆ ಎದುರುಬದುರು ಕುಳಿತು ಅರವತ್ತನ್ನೂ ಚಪ್ಪಟೆ ಮಾಡಿದರು.

ಭಾನುವಾರ ಮೂವರೂ ಮಟಾಟು ವ್ಯಾನು ಹತ್ತಿ ರೇಂಜಿಗೆ ಹೋದೆವು. ಮಾಯಿ ಬರುತ್ತೇನೆಂದು ಹಟ ಹಿಡಿದಿದ್ದರು. ವಿನ್ನಿಬಾಯಿ ಚೀಲ ಬಿಚ್ಚಿ ಜಜ್ಜಿದ ಹಿತ್ತಾಳೆಯನ್ನು ಮೇಜಿನ ಮೇಲೆ ಸುರಿದರು. ಲಾರೆನ್ಸ್ ನಕ್ಕರು. "ನಾನು ಹೇಳಿದ್ದೇ ಆಯ್ತಲ್ಲ."

"ಅದು ನಾನು ಸುಟ್ಟದ್ದು. ಅವಳಲ್ಲ," ಎಂದರು ಮಾಯಿ.

"ಯಾರು ಸುಟ್ರೂ ನಮ್ಮ ಮನೆಯದ್ದೇ," ಎಂದರು ವಿನ್ನಿಬಾಯಿ. "ಕೆಟ್ಟದ್ದು ಒಂದಲ್ಲ, ಅರವತ್ತು. ನಾವೇ ಜಜ್ಜಿ ತಂದಿದ್ದೇವೆ. ಈಗ ನಿಮ್ಮದು ತೆಗೀರಿ. ಈ ರೂಲು ನನಗೊಬ್ಬಳಿಗೇ ಮಾಡಿದ್ದಾ?"

ಸುತ್ತ ಹತ್ತಾರು ಜನ ನಿಂತಿದ್ದರು. ಲಾರೆನ್ಸ್ ತಮ್ಮ ಕೊಳವೆಗಳ ಡಬ್ಬಿಯನ್ನು ಮುಂದಕ್ಕೆ ತಳ್ಳಿದರು. ವಿನ್ನಿಬಾಯಿ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ತಿರುಗಿಸಿದರು. ನಾಲ್ಕನ್ನು ಬೇರೆ ಇಟ್ಟರು. ನಾಲ್ಕರ ಕುತ್ತಿಗೆಯಲ್ಲೂ ಕೂದಲೆಳೆಯಷ್ಟು ಸೀಳು.

"ಮೆಂಬರುಗಳ ಪುಸ್ತಕ ತೆಗೀರಿ," ಎಂದರು. "ಮೊದಲು ನಿಮ್ಮ ಹೆಸರು ಹೊಡೀರಿ. ಮತ್ತೆ ನನ್ನದು."

ಲಾರೆನ್ಸ್ ಪುಸ್ತಕವನ್ನು ಮುಟ್ಟಲೇ ಇಲ್ಲ. ಮೇಜಿನ ಹಿಂದಿದ್ದ ತಮ್ಮ ಕುರ್ಚಿಯನ್ನು ವಿನ್ನಿಬಾಯಿಯ ಕಡೆಗೆ ಸರಿಸಿ, "ಎಲ್ಲರದ್ದೂ ನೀವೇ ನೋಡಿ," ಎಂದರು.

ಆ ವರ್ಷದ ಸ್ಪರ್ಧೆಯಲ್ಲಿ ವಿನ್ನಿಬಾಯಿ ಒಂದು ಗುಂಡನ್ನೂ ಹಾರಿಸಲಿಲ್ಲ, ಹಾರಿಸಲು ತೋಟೆಯೇ ಇರಲಿಲ್ಲ. ಆದರೆ ಅವರಿಗೆ ತೋರಿಸದೆ ಒಬ್ಬ ಗಂಡಸೂ ಗುಂಡು ಹಾರಿಸಲಿಲ್ಲ. ಡಬ್ಬಿ ಹಿಡಿದವರ ಸಾಲು ಮೇಜಿನಿಂದ ಗೇಟಿನವರೆಗೆ ಇತ್ತು.

"ಮುಂದಿನವರು ಬನ್ನಿ," ಎಂದು ಕರೆದರು ವಿನ್ನಿಬಾಯಿ.