ಸುಟ್ಟ ಅರಿಶಿಣದ ವಾಸನೆ

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಸುಟ್ಟ ಅರಿಶಿಣದ ವಾಸನೆ ಬಂತು. ನನ್ನ ಹೊಟ್ಟೆಯ ಮೇಲಿನ ಮೂರು ಕಲೆಗಳು ಚುರುಗುಟ್ಟಿದವು.

ಆ ಕಲೆಗಳಾದಾಗ ನಾನು ಎರಡನೇ ಕ್ಲಾಸು. ಕಾಮಣಿಯಾಗಿ ಕಣ್ಣು, ಉಗುರು ಹಳದಿ ತಿರುಗಿದ್ದವು. ಹೋಳಿಗೆ ಊಟವಿದೆ ಎಂದು ಅವ್ವ ಬಳಿಚಕ್ರ ಎಂಬ ಊರಿಗೆ ಕರೆದುಕೊಂಡು ಹೋದಳು. ಹೋಳಿಗೆ ಇರಲಿಲ್ಲ. ಬರೆ ಹಾಕುವ ಮುದುಕಿಯೊಬ್ಬಳು ಅರಿಶಿಣದ ಕೊಂಬನ್ನು ದೀಪಕ್ಕೆ ಹಿಡಿದು ಕೆಂಪಗೆ ಕಾಯಿಸುತ್ತಿದ್ದಳು. ಅವಳ ನೆರೆಮನೆಯ ಹೆಂಗಸರು ನನ್ನ ಕೈ ಒತ್ತಿ ಹಿಡಿದರು. ಕಾಲು ಹಿಡಿದವಳು ಅವ್ವ. ಮೊದಲ ಬರೆಗೇ ಉಚ್ಚೆ ಹೊಯ್ದುಕೊಂಡೆ. ಹೆಂಗಸರು ನಕ್ಕರು.

"ಚೀರಬ್ಯಾಡ, ಇನ್ನಾ ಎರಡು ಅವ," ಎಂದಳು ಮುದುಕಿ.

ಅವ್ವ ಗೋಡೆ ನೋಡುತ್ತಿದ್ದಳು. ಹಿಡಿತ ಮಾತ್ರ ಸಡಿಲಾಗಲಿಲ್ಲ. ಆ ಕೈಯಿಂದ ತುತ್ತು ತಿನ್ನಲು ನನಗೆ ವರ್ಷಗಟ್ಟಲೆ ಹೇಸಿಗೆ.

ಈಗ ಶಹಾಪುರದ ನಮ್ಮ ಮನೆಯಲ್ಲಿ ನನ್ನ ಮಗಳಿಗೆ ಕಾಮಣಿ. ಅಡುಗೆಮನೆಗೆ ಓಡಿದೆ. ಕಾದ ಕೊಂಬು ಅವ್ವನ ಕೈಯಲ್ಲೇ ಇತ್ತು.

"ದವಾಖಾನಿ ಗುಳಗಿಗೆ ಕಾಮಣಿ ಇಳಿತಾದೇನು?" ಎಂದಳು.

"ನನ್ನ ಮಗಳನ್ನ ಮುಟ್ಟಬ್ಯಾಡ," ಎಂದು ಸೀರೆ ಸರಿಸಿ ಹೊಟ್ಟೆ ತೋರಿಸಿದೆ.

ಅವ್ವ ತನ್ನ ಸೀರೆಯ ಗಂಟನ್ನು ಕೆಳಗೆ ಜಗ್ಗಿದಳು. ಅಲ್ಲೂ ಮೂರು ಕಲೆ. ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲ.

"ನನ್ನ ಕಾಲು ಹಿಡದಾಕಿನೂ ನಮ್ಮವ್ವನೇ," ಎಂದಳು.

ಕೊಂಬು ಕಸಿದುಕೊಂಡು ನೀರಿನ ಬಕೆಟ್ಟಿಗೆ ಹಾಕಿದೆ. ಅದು ಚುಯ್ ಎಂದಿತು. ಆ ಸದ್ದಿಗೆ ನಾವಿಬ್ಬರೂ ಬೆಚ್ಚಿ, ಹೊಟ್ಟೆ ಮುಚ್ಚಿಕೊಂಡೆವು.