ಮುನಿಯಲ್ಲಮ್ಮನ ಪಾತಾಳಗರಡಿ

ನಮ್ಮೂರಿನಲ್ಲಿ ಯಾರ ಬಿಂದಿಗೆ ಬಾವಿಗೆ ಬಿದ್ದರೂ ಜನ ಮುನಿಯಲ್ಲಮ್ಮನ ಮನೆಗೇ ಬರಬೇಕಾಗಿತ್ತು. ತಾಯಲೂರಿಗೆ ಒಂದೂವರೆ ಮೈಲಿ ದೂರದ ಊರು ನಮ್ಮದು. ಅಲ್ಲಿ ಪಾತಾಳಗರಡಿ ಇದ್ದದ್ದು ಅವಳೊಬ್ಬಳ ಹತ್ತಿರ. ಈಗಿನವರು ಅದನ್ನು ಕಂಡಿರಲಿಕ್ಕಿಲ್ಲ. ಒಂದು ದಪ್ಪ ಕಬ್ಬಿಣದ ಬಳೆ, ಅದರ ಸುತ್ತ ಗಾಳದ ಹಾಗೆ ಬಗ್ಗಿದ ಹತ್ತು ಹನ್ನೆರಡು ಕೊಕ್ಕೆ, ಮೇಲೆ ಉದ್ದನೆಯ ಹಗ್ಗ. ಬಾವಿಗೆ ಇಳಿಬಿಟ್ಟು ತಳದಲ್ಲಿ ಎಳೆದಾಡಿದರೆ ಬಿದ್ದದ್ದು ಯಾವುದಾದರೂ ಕೊಕ್ಕೆಗೆ ಸಿಕ್ಕಿ ಮೇಲೆ ಬರುತ್ತದೆ.

ಅದನ್ನು ಬೇರೆ ಯಾರೂ ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಬಿಂದಿಗೆಗಳ ಜೊತೆ ಮೂರು ಹೆಣಗಳನ್ನೂ ಎತ್ತಿದ ಕಬ್ಬಿಣ ಅದು. ಮೊದಲನೆಯ ಹೆಣ ಅವಳ ಗಂಡ ದೊಡ್ಡವೆಂಕಟಪ್ಪನದೇ. ಬಾವಿ ತೋಡುವುದೇ ಅವನ ಕಸುಬು. ಹೂಳು ತೆಗೆಯಲು ಇಳಿದವನ ಮೇಲೆ ದಡ ಕುಸಿದು, ನೀರು ನುಗ್ಗಿ, ಮಾರನೆಯ ದಿನ ಅವನದೇ ಗರಡಿಯಲ್ಲಿ ಅವನನ್ನು ಎತ್ತಿದರಂತೆ. ಆಗ ಮುನಿಯಲ್ಲಮ್ಮನಿಗೆ ಇಪ್ಪತ್ತೈದೂ ಆಗಿರಲಿಲ್ಲ, ಮಕ್ಕಳೂ ಇರಲಿಲ್ಲ. ಗರಡಿಯನ್ನು ಕೆರೆಗೆ ಎಸೆಯಿರಿ ಎಂದವರ ಎದುರಿಗೇ ಅವಳು ಅದನ್ನು ಹುಣಸೆಹಣ್ಣು ಹಾಕಿ ತೊಳೆದು, ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿದಳು.

ನಾನು ಈ ಊರಿಗೆ ಸೊಸೆಯಾಗಿ ಬರುವ ಹೊತ್ತಿಗೆ ಅವಳು ಮುದುಕಿಯಾಗಿದ್ದಳು, ಊರಿಗೆಲ್ಲ ಅವ್ವ. ಎರಡು ಕಣ್ಣಿಗೂ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಕೋಲು ಊರಿಕೊಂಡು ಮಾವಿನ ತೋಪಿನವರೆಗೆ ಹೋಗಿ ಒಣಗಿದ ಎಲೆ ಗುಡಿಸಿ ತರುತ್ತಿದ್ದಳು. ನಮ್ಮ ಮನೆ ಎದುರುಗಡೆಯೇ. ಅವಳ ಮನೆಯ ಕಟ್ಟುಪಾಡು ನನಗೆ ಒಂದೇ ವಾರದಲ್ಲಿ ಗೊತ್ತಾಯಿತು. ಒತ್ತೆ ಇಡದೆ ಗರಡಿ ಹೊಸಿಲು ದಾಟಬಾರದು. ಚೊಂಬೋ ಬೋಗುಣಿಯೋ, ಒಯ್ಯುವವರ ಮನೆಯದೇ ಒಂದು ಸಾಮಾನು ಇಟ್ಟು ಹೋಗಬೇಕು. ಬರಿಗೈಯಲ್ಲಿ ಒಯ್ದರೆ ಗರಡಿ ತನಗೆ ಬೇಕಾದದ್ದನ್ನು ಆ ಮನೆಯಿಂದ ತಾನೇ ತೆಗೆದುಕೊಳ್ಳುತ್ತದೆ ಎಂಬುದು ಅವಳ ನಂಬಿಕೆ. ಊರಿನವರ ನಂಬಿಕೆಯೂ ಅದೇ.

ಅವಳ ಬೆರಳಿಗೆ ಊರಿನ ಪಾತ್ರೆಗಳೆಲ್ಲ ಗೊತ್ತು. ಒಂದು ಸಾರಿ ನಮ್ಮ ಓರಗಿತ್ತಿ ಅವಸರದಲ್ಲಿ ಒಂದು ಬೋಗುಣಿ ತಂದಿಟ್ಟಳು. ಮುದುಕಿ ಅದರ ಅಂಚು ಸವರಿದಳು.

“ಏನೇ ಅಮ್ಮಾಯಿ, ಇದು ಶ್ಯಾಮಲಮ್ಮನ ಬೋಗುಣಿ ಅಲ್ವಾ?”

“ಯಾರದಾದರೇನವ್ವಾ, ಬೋಗುಣಿ ತಾನೆ?”

“ಬೇರೆಯವರ ಸಾಮಾನು ಇಟ್ಟರೆ ಒತ್ತೆ ಆಗಲ್ಲ ಕಣೇ. ಬರಿಗೈಯಲ್ಲಿ ಬಂದಂಗೇ ಲೆಕ್ಕ. ನಿನಗೆ ಗಂಡ ಬೇಕಾ ಬೇಡವಾ? ಹೋಗು, ನಿಂದು ತಗೊಂಡು ಬಾ.”

ಅಲ್ಲಿದ್ದವರೆಲ್ಲ ನಕ್ಕೆವು. ಓರಗಿತ್ತಿ ಮಾತ್ರ ನಗದೆ ಓಡಿಹೋಗಿ ತನ್ನದೇ ಚೊಂಬು ತಂದಳು.

ನಾನು ಹೇಳಬೇಕೆಂದದ್ದು ಯುದ್ಧದ ಕಾಲದ ಮಾತು, ಸೀಮೆಎಣ್ಣೆ ಸಿಗದೆ ಹೊತ್ತು ಮುಳುಗುವ ಮುಂಚೆಯೇ ಉಂಡು ಮಲಗುತ್ತಿದ್ದ ವರ್ಷ. ನಮ್ಮ ಬೀದಿಯ ಕೊನೆಯ ಮನೆ ದೊಡ್ಡಗಂಗಮ್ಮನದು. ಅವಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಚನ್ನರಾಯಪ್ಪ, ಹೆಂಡತಿ ಸತ್ತವನು. ಕಿರಿಯವನು ಕದಿರೇಶ, ಮದುವೆಯಾದ ವರ್ಷಕ್ಕೇ ಮಿಲಿಟರಿಗೆ ಸೇರಿ ಹೋದ. ಅವನ ಹೆಂಡತಿ ಗಂಗರತ್ನ ಯಲ್ದೂರಿನ ಹುಡುಗಿ, ನನಗಿಂತ ಎರಡು ವರ್ಷ ಚಿಕ್ಕವಳು. ಮಾವಿನ ಕಾಯಿ ಬಲಿಯುವ ದಿನಗಳಲ್ಲಿ ಚನ್ನರಾಯಪ್ಪ ತೋಪು ಕಾಯುತ್ತಿದ್ದ. ದಿನಾ ಬೆಳಿಗ್ಗೆ ಅವನಿಗೆ ಒಂದು ಹಿತ್ತಾಳೆ ಚೊಂಬಿನಲ್ಲಿ ಮಜ್ಜಿಗೆ ಒಯ್ಯುವುದು ಗಂಗರತ್ನನ ಕೆಲಸ. ದಾರಿಯಲ್ಲಿ ಮುನಿಯಲ್ಲಮ್ಮನ ಜಗಲಿಯ ಹತ್ತಿರ ನಿಂತು, “ಅವ್ವಾ, ಲೋಟ ಹಿಡೀರಿ” ಎಂದು ಅರ್ಧ ಲೋಟ ಬಗ್ಗಿಸಿಯೇ ಮುಂದಕ್ಕೆ ಹೋಗುತ್ತಿದ್ದಳು.

ಒಂದು ದಿನ ನೀರು ಸೇದುವಾಗ ನನ್ನ ಹತ್ತಿರ ಹೇಳಿದಳು. “ಅಕ್ಕಾ, ನಮ್ಮ ಭಾವನ ನೋಟ ಸರಿಯಿಲ್ಲ. ಮೊನ್ನೆ ತೋಪಲ್ಲಿ ಕೈ ಹಿಡಿದ. ಅವರು ರಜದ ಮೇಲೆ ಬರ್ತಾರೆ ಅಂತ ಕಾಗದ ಬಂದೈತೆ. ಬರಲಿ, ಎಲ್ಲಾ ಹೇಳಿಬಿಡ್ತೀನಿ.”

“ಸುಮ್ನಿರೇ, ಯಾರಾದ್ರೂ ಕೇಳಿಸ್ಕೊಂಡಾರು.”

“ಭಾವನಿಗೇ ಹೇಳಿದೀನಿ, ಹೇಳ್ತೀನಿ ಅಂತ.”

ನಾನು ಇನ್ನೂ ಏನಾದರೂ ಹೇಳಬಹುದಾಗಿತ್ತು. ಬಿಂದಿಗೆ ಎತ್ತಿಕೊಂಡು ಮನೆಗೆ ಬಂದೆ.

ಅದಾದ ಸೋಮವಾರ ಬೆಳಿಗ್ಗೆ ಗಂಗರತ್ನ ಮಜ್ಜಿಗೆ ತೆಗೆದುಕೊಂಡು ಹೊರಟವಳು ಮನೆಗೆ ಬರಲಿಲ್ಲ. ಹೊತ್ತು ಏರುವುದರೊಳಗೆ ಚನ್ನರಾಯಪ್ಪ ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದ. “ತೋಪಿಗೆ ಬರಲೇ ಇಲ್ಲ ಅವಳು! ಕಾದೂ ಕಾದೂ ಬಂದೆ. ಯಾವನ ಜೊತೆಗೋ ಗೋಲ್ಡ್ ಫೀಲ್ಡ್ ಕಡೆ ಹೋದಳು. ಮನೆ ಚೊಂಬನ್ನೂ ಬಿಡಲಿಲ್ಲ, ತಗೊಂಡೇ ಹೋದಳು!” ದೊಡ್ಡಗಂಗಮ್ಮ ಎದೆ ಬಡಿದುಕೊಂಡು ಅತ್ತಳು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಅದನ್ನೇ ಮಾತಾಡಿತು. ಗಂಡ ಬಂದರೆ ಅವನ ಕಿವಿಗೆ ಬೀಳುವುದೂ ಇದೇ ಮಾತು. ಅವಳು ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ ಎಂದು ಕೇಳುವವರು ಯಾರೂ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಮ್ಮ ಯಜಮಾನರು ಹುಣಸೆಹಣ್ಣು ಹೇರಿಕೊಂಡು ಶ್ರೀನಿವಾಸಪುರದ ಕಡೆ ಗಾಡಿ ಕಟ್ಟಿದರು. ಮುನಿಯಲ್ಲಮ್ಮ ಕೋಲೂರಿಕೊಂಡು ಬಂದು ಅವರ ಕಿವಿಯಲ್ಲಿ ಏನೋ ಹೇಳಿದಳು. ಏನೆಂದು ಕೇಳಿದರೆ, “ಮುದುಕಿ ಒಂದು ಮಾತು ಮುಟ್ಟಿಸೋಕೆ ಹೇಳ್ತು, ನಿನಗ್ಯಾಕೆ?” ಎಂದು ಎತ್ತು ಹೊಡೆದರು.

ಬುಧವಾರ ನಾನು ಅವಳ ಜಗಲಿಯಲ್ಲಿ ಕೂತು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಸುಡುಬಿಸಿಲು. ಚನ್ನರಾಯಪ್ಪ ತೋಪಿನ ಕಡೆಯಿಂದ ಬಂದ. ಮೈಯೆಲ್ಲ ಬೆವರು.

“ಅವ್ವಾ, ಗರಡಿ ಕೊಡು. ತೋಪಿನ ಬಾವಿಗೆ ಬಿಂದಿಗೆ ಬಿತ್ತು.”

“ಒತ್ತೆ ಎಲ್ಲಪ್ಪಾ?”

“ಸಂಜೆ ಮನೆಯಿಂದ ತಂದುಕೊಡ್ತೀನಿ.”

“ಹಂಗಾದ್ರೆ ಗರಡಿನೂ ಸಂಜೆನೇ ತಗೊಂಡೋಗು.”

ಅವನು ಕುತ್ತಿಗೆ ಕೆರೆದುಕೊಂಡು ನಿಂತ. ಮನೆ ಹತ್ತಿರದಲ್ಲೇ ಇದ್ದರೂ ಮನೆಗೆ ಹೋಗಲಿಲ್ಲ. ಹೋದರೆ ಯಾವ ಬಿಂದಿಗೆ ಬಿತ್ತು ಎಂದು ಅವನ ತಾಯಿ ಕೇಳುತ್ತಿದ್ದಳಲ್ಲ. ಮತ್ತೆ ತೋಪಿಗೇ ಹೋಗಿ, ಟವಲಿನಲ್ಲಿ ಸುತ್ತಿದ ಏನನ್ನೋ ತಂದು, ನನಗೆ ಬೆನ್ನು ಮಾಡಿ ಮುದುಕಿಯ ಮಡಿಲಿಗೆ ಹಾಕಿದ. ಅವಳ ಬೆರಳುಗಳು ಅದರ ಕಂಠದ ಸುತ್ತ ಒಂದು ಸಾರಿ ಹೋಗಿ ನಿಂತವು. ಮುಖದಲ್ಲಿ ಏನೂ ಬದಲಾಗಲಿಲ್ಲ.

“ಬೈರಿ, ಬಾಗಿಲ ಹಿಂದೆ ಐತೆ, ತೆಗೆದುಕೊಡು. ಒಳಗೆ ಹೋಗಬೇಡ, ಸಗಣಿ ಸಾರಿಸಿದೀನಿ” ಎಂದು ನನಗೆ ಹೇಳಿದಳು.

ನಾನು ಮೊಳೆಯಿಂದ ಗರಡಿ ತೆಗೆದೆ. ಹಗ್ಗದ ಸುತ್ತಿನೊಳಗೆ ಕೈ ಹೋದಾಗ ತಣ್ಣಗಾಯಿತು. ಒಳಗೆಲ್ಲ ತೇವ, ಪಾಚಿಯ ವಾಸನೆ. ತಿಂಗಳಿಂದ ಆ ಗರಡಿಯನ್ನು ಯಾರೂ ಒಯ್ದಿರಲಿಲ್ಲ, ಮಳೆಯೂ ಬಂದಿರಲಿಲ್ಲ. “ಅವ್ವಾ, ಹಗ್ಗ...” ಎಂದೆ. ಅವಳ ಕೋಲು ನನ್ನ ಕಾಲ ಬೆರಳ ಮೇಲೆ ಕೂತಿತು. ಗರಡಿಯನ್ನು ಅವನ ಕೈಗೆ ಕೊಟ್ಟೆ.

ಅವನು ಹೋದ ಮೇಲೆ ಮುದುಕಿ ಟವಲು ಬಿಚ್ಚಿ ಅದನ್ನು ನನ್ನ ಕೈಗೆ ಕೊಟ್ಟಳು. ಹಿತ್ತಾಳೆ ಚೊಂಬು. ಕಂಠದಲ್ಲಿ ಹೆಬ್ಬೆಟ್ಟಿನಗಲದ ತಗ್ಗು, ತಳದಲ್ಲಿ ಬೆಸುಗೆ. ದಿನಾ ನನ್ನ ಕಣ್ಣೆದುರಿಗೆ ಹೋಗುತ್ತಿದ್ದ ಚೊಂಬು ಅದು. ಗಂಗರತ್ನನದು.

“ಅವ್ವಾ, ಅವಳು ತೋಪಿಗೆ ಬರಲೇ ಇಲ್ಲ ಅಂದನಲ್ಲ ಇವನು?”

“ಅಂದ.”

“ಬರದೇ ಇದ್ದರೆ ಇದು ಇವನ ಕೈಗೆ...” ಬಿಂದಿಗೆ ಬಿದ್ದಿರಲಿಲ್ಲ. ಬಾವಿಗೆ ಬಿದ್ದ ಹೆಣ ಮೂರನೆಯ ದಿನಕ್ಕೆ ತೇಲುತ್ತದೆ. ತೇಲಲಿಲ್ಲವೆಂದು ಇವನು ಗರಡಿ ಒಯ್ದಿದ್ದಾನೆ.

“ಕುರುಡಿ ಅಂತ ನನಗೆ ತಂದುಕೊಟ್ಟ,” ಎಂದಳು ಮುದುಕಿ. “ನಿನ್ನ ಗಂಡ ಯಾವತ್ತು ಬರ್ತಾನೆ?”

“ಶುಕ್ರವಾರ.”

“ಅಲ್ಲೀವರೆಗೂ ಬಾಯಿ ಬಿಡಬೇಡ. ಬಿಟ್ಟರೆ ಆ ಬಾವಿಗೆ ಇನ್ನೊಬ್ಬಳು ಬೀಳ್ತಾಳೆ.”

ಆ ಎರಡು ದಿನ ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ತೋಪಿನ ಕಡೆಯಿಂದ ಕಬ್ಬಿಣ ಕಲ್ಲಿಗೆ ಬಡಿಯುವ ಸದ್ದು ಊರಿಗೆಲ್ಲ ಕೇಳುತ್ತಿತ್ತು. ಟಣ್, ಆಮೇಲೆ ತುಂಬ ಹೊತ್ತು ಏನೂ ಇಲ್ಲ, ಮತ್ತೆ ಟಣ್. ದಾರಿಹೋಕರು ನೋಡಿ ಬಂದು ನಗುತ್ತಿದ್ದರು. ಬಿಂದಿಗೆಗೋಸ್ಕರ ಹಿಂಗೆ ಜೀವ ಬಿಡೋನ್ನ ಕಂಡಿರಲಿಲ್ಲ, ಬರೀ ಹೂಳು ಎತ್ತುತಾನೆ, ಒಂದು ಸಾರಿ ಒಂದು ಚೂರು ಸೀರೆಬಟ್ಟೆ ಬಂತಂತೆ ಎಂದರು.

ಗುರುವಾರ ಮಧ್ಯಾಹ್ನ ಮುನಿಯಲ್ಲಮ್ಮನಿಗೆ ಸಾರು ಕೊಡಲು ಹೋದೆ. ಎರಡು ತಣಿಗೆಯಲ್ಲಿ ಎರಡು ಮುದ್ದೆ ಇಟ್ಟುಕೊಂಡು ಕೂತಿದ್ದಳು.

“ಇನ್ನೊಂದು ಯಾರಿಗವ್ವಾ?”

“ಚೊಂಬಿನೋಳಿಗೆ ಕಣೇ.”

ಸತ್ತವರಿಗೆ ಎಡೆ ಇಡುತ್ತಾರಲ್ಲ, ಹಾಗೆಂದುಕೊಂಡೆ. ಅಷ್ಟರಲ್ಲಿ ಒಳಗಿನ ಕತ್ತಲೆಕೋಣೆಯಲ್ಲಿ ಯಾರೋ ಕೆಮ್ಮಿದರು. ಸಣ್ಣ ಕೆಮ್ಮು, ನೀರು ಕುಡಿದವರದು. ಚೊಂಬು ಹುಡುಕಿಕೊಂಡು ಬಂದಿದ್ದಾಳೆ! ಸಾರಿನ ಬಟ್ಟಲನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಮುದುಕಿ ನನ್ನನ್ನು ಕರೆಯಲಿಲ್ಲ.

ಶುಕ್ರವಾರ ಹೊತ್ತು ಇಳಿಯುವ ಮುಂಚೆ ಚನ್ನರಾಯಪ್ಪ ಗರಡಿ ತಂದ. ಮೂರು ದಿನದಲ್ಲಿ ಅವನ ಕಣ್ಣು ಗುಳಿಬಿದ್ದಿದ್ದವು. ಮುದುಕಿ ಜಗಲಿಯಲ್ಲಿದ್ದಳು. ನನ್ನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು.

“ಸಿಕ್ಕಿತೇನಪ್ಪಾ ಬಿಂದಿಗೆ?”

“ಇಲ್ಲ. ನನ್ನ ಚೊಂಬು ಕೊಡು.”

ಅವಳು ಪಕ್ಕದಲ್ಲಿದ್ದ ಬುಟ್ಟಿಗೆ ಕೈ ಹಾಕಿದಳು. ಒಂದು ಲೋಟ ತೆಗೆದಳು. “ಇದಾ?”

“ಅಲ್ಲ, ಚೊಂಬು.”

ಒಂದು ತಂಬಿಗೆ. “ಇದಾ?”

“ಅಲ್ಲವ್ವಾ!”

“ಕಣ್ಣು ಕಾಣಲ್ಲ, ಬೈಬೇಡ ಕಣಪ್ಪಾ. ಇದಾ?” ಮುಚ್ಚಳ ಎತ್ತಿ ಹಿಡಿದಳು. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಅವನು ಹಗ್ಗವನ್ನು ಸುತ್ತಿ ಕೆಳಗಿಡುತ್ತಿದ್ದವನು ತಟ್ಟನೆ ನಿಂತ. “ಅವ್ವಾ, ನಾನು ತಗೊಂಡೋದಾಗಲೇ ಇದು ಒದ್ದೆ ಇತ್ತಲ್ಲ. ನನಗಿಂತ ಮುಂಚೆ ಯಾರಿಗೆ ಕೊಟ್ಟಿದ್ದೆ?”

ಮುದುಕಿ ಬುಟ್ಟಿಯಲ್ಲೇ ಕೈಯಾಡಿಸುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಒಳಗೆ ಮತ್ತೆ ಅದೇ ಕೆಮ್ಮು.

ಅವನು ಬಾಗಿಲಿನ ಕಡೆ ತಿರುಗಿದ. “ಯಾರು ಒಳಗೆ?” ಒಂದು ಕಾಲು ಹೊಸಿಲ ಮೇಲಿಟ್ಟ. ಅಷ್ಟರಲ್ಲಿ ಬೀದಿಯ ಮೂಲೆಯಲ್ಲಿ ನಮ್ಮ ಎತ್ತಿನ ಗೆಜ್ಜೆ. ಮುದುಕಿಗೆ ಅದು ನಮಗಿಂತ ಮುಂಚೆಯೇ ಕೇಳಿಸಿರಬೇಕು. ಮಡಿಲಿನಿಂದ ಚೊಂಬು ತೆಗೆದು ಎತ್ತಿ ಹಿಡಿದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. “ಚನ್ನರಾಯಪ್ಪಾ, ಇದಾ ನೀನು ಒತ್ತೆ ಇಟ್ಟಿದ್ದು?”

“ಅದೇ, ಕೊಡು ಇಲ್ಲಿ!”

“ನಿಂದೇನಾ? ಸರಿಯಾಗಿ ನೋಡಿ ಹೇಳು.”

“ನಂದೇ! ಬುಧವಾರ ನಾನೇ ತಂದುಕೊಟ್ಟೆನಲ್ಲ!”

ಗಾಡಿಯಿಂದ ನಮ್ಮ ಯಜಮಾನರ ಜೊತೆ ಇಳಿದ ಒಬ್ಬ ಹಿರಿಯರು ಅವನ ಬೆನ್ನ ಹಿಂದೆ ಬಂದು ನಿಂತಿದ್ದರು. ಗಂಗರತ್ನನ ತಂದೆ, ಯಲ್ದೂರಿನ ನರಸಿಂಹಪ್ಪ. “ಅದು ನನ್ನ ಮಗಳಿಗೆ ನಾನು ಕೊಟ್ಟ ಚೊಂಬು,” ಎಂದರು. “ಗಾಡಿಯಿಂದ ಬಿದ್ದು ತಗ್ಗಾಗಿದ್ದು ಅವಳನ್ನ ನಿಮ್ಮ ಮನೆಗೆ ಬಿಡೋಕೆ ಬಂದ ದಿನ. ಅವಳು ತಗೊಂಡು ಓಡಿಹೋದಳು ಅಂತೀರಲ್ಲ, ನಿನ್ನ ಹತ್ತಿರ ಹೆಂಗೆ ಬಂತು?”

ಬೀದಿಯ ಜನವೆಲ್ಲ ನಿಂತಿತ್ತು. ಚನ್ನರಾಯಪ್ಪ ಬಾಯಿ ತೆರೆದ. ಮಾತು ಹೊರಡುವ ಮುಂಚೆ ಕತ್ತಲೆಕೋಣೆಯ ಬಾಗಿಲು ಕಿರುಗುಟ್ಟಿತು. ಗಂಗರತ್ನ ಹೊರಗೆ ಬಂದಳು. ಹಣೆ ಊದಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ನಾನು ಕಂಬ ಹಿಡಿದುಕೊಂಡೆ. ಅವಳು ಅವನ ಮುಖ ನೋಡಲಿಲ್ಲ. ಮುದುಕಿಯ ಮುಂದೆ ಕೈ ಚಾಚಿದಳು.

“ಅವ್ವಾ, ನನ್ನ ಚೊಂಬು ಕೊಡಿ.”

ಚನ್ನರಾಯಪ್ಪ ಹಿಂದಕ್ಕೆ ಹಿಂದಕ್ಕೆ ಹೋಗಿ ಗಾಡಿಯ ಚಕ್ರಕ್ಕೆ ಬಡಿದುಕೊಂಡು, ತಿರುಗಿ ಓಡಿದ. ಯಾರೂ ಅಟ್ಟಿಸಿಕೊಂಡು ಹೋಗಲಿಲ್ಲ. ಎಲ್ಲರ ಕಣ್ಣೂ ಗಂಗರತ್ನನ ಮೇಲೇ ಇತ್ತು.

ಆಮೇಲೆ ಗೊತ್ತಾಯಿತು. ಸೋಮವಾರ ಅವನು ಅವಳನ್ನು ಬಾವಿಗೆ ನೂಕಿ, ಚೊಂಬನ್ನು ಹುಲ್ಲಿನಲ್ಲಿ ಬಚ್ಚಿಟ್ಟು, ತನ್ನ ಕಥೆ ಹೇಳಲು ಊರಿಗೆ ಓಡಿಬಂದಿದ್ದ. ಗಂಗರತ್ನ ಯಲ್ದೂರಿನ ಕೆರೆಯಲ್ಲಿ ಈಜಿ ಬೆಳೆದವಳು, ಒಂದು ಕಲ್ಲು ಹಿಡಿದು ತೇಲಿಕೊಂಡಿದ್ದಳು. ಎಲೆ ಗುಡಿಸಲು ಹೋದ ಮುದುಕಿಗೆ ಬಾವಿಯೊಳಗಿನ ನರಳಾಟ ಕೇಳಿಸಿತು. ಮನೆಗೆ ಬಂದು, ಎಲೆಬುಟ್ಟಿಯಲ್ಲಿ ಗರಡಿ ಮುಚ್ಚಿಕೊಂಡು ಹೋಗಿ, ಹಗ್ಗವನ್ನು ಎತ್ತು ಹೂಡಿ ನೀರೆತ್ತುವ ಕಪಿಲೆಯ ಕಲ್ಲುಕಂಬಕ್ಕೆ ಸುತ್ತಿ ಇಳಿಬಿಟ್ಟಳು. ಅದನ್ನು ಹಿಡಿದು, ಬಾವಿಯ ಗೋಡೆಯ ಕಲ್ಲುಗಳ ಮೇಲೆ ಕಾಲೂರಿಕೊಂಡು ಗಂಗರತ್ನ ಹತ್ತಿಬಂದಳು. ಮರೆಯಲ್ಲಿ ಕೂತಿದ್ದು, ದೀಪವಿಲ್ಲದ ಊರು ಮಲಗಿದ ಮೇಲೆ ಮುದುಕಿಯ ಮನೆ ಸೇರಿದಳು. ಊರು ಅವನ ಮಾತನ್ನೇ ನಂಬಿತ್ತು. ಅದಕ್ಕೇ ಮುದುಕಿ ನಮ್ಮ ಗಾಡಿಯಲ್ಲಿ ಯಲ್ದೂರಿಗೆ ಮಾತು ಮುಟ್ಟಿಸಿ, ತಂದೆ ಬರುವವರೆಗೂ ಗಂಗರತ್ನನನ್ನು ಬಚ್ಚಿಟ್ಟಳು. ಗಂಡನ ಹೆಣ ಎತ್ತಿದ ಕಬ್ಬಿಣದಲ್ಲಿ ಅವಳು ಜೀವ ಎತ್ತಿದ್ದು ಅದೊಂದೇ ಸಾರಿ.

ನರಸಿಂಹಪ್ಪ ಅದೇ ಗಾಡಿಯಲ್ಲಿ ಮಗಳನ್ನು ಕರೆದುಕೊಂಡು ಹೋದರು. ಚೊಂಬು ಅವಳ ಮಡಿಲಲ್ಲಿತ್ತು. ಕದಿರೇಶ ರಜದ ಮೇಲೆ ಬಂದವನು ಮೊದಲು ಯಲ್ದೂರಿಗೇ ಹೋದನಂತೆ.

ಅದಕ್ಕೂ ಮುಂಚೆ, ಚನ್ನರಾಯಪ್ಪ ಓಡಿಹೋದ ಮೂರನೆಯ ದಿನ, ದೊಡ್ಡಗಂಗಮ್ಮ ತಲೆ ಕೆದರಿಕೊಂಡು ಬಂದು ಮುನಿಯಲ್ಲಮ್ಮನ ಜಗಲಿಯ ಮುಂದೆ ನಿಂತಳು.

“ತೋಪಿನ ಬಾವಿ ಕಟ್ಟೆ ಮೇಲೆ ನನ್ನ ಮಗನ ಚಪ್ಪಲಿ ಐತೆ,” ಎಂದಳು. “ಗರಡಿ ಕೊಡು.”

“ಒತ್ತೆ ತಂದಿದೀಯಾ?”

“ಇದಕ್ಕೂ ಒತ್ತೆ ಕೇಳ್ತೀಯಾ ಮುನಿಯಲ್ಲೀ! ನೀನು ಹೆಂಗಸಾ?”

ಮುದುಕಿ ಬೆಳ್ಳಗಾದ ಕಣ್ಣುಗಳನ್ನು ಅವಳ ದನಿಯ ಕಡೆ ತಿರುಗಿಸಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ.

“ಇಟ್ಟೇ ತಗೊಂಡೋಗು ದೊಡ್ಡಗಂಗೀ. ಮೊನ್ನೆ ನಿನ್ನ ಮಗ ತನ್ನದು ಇಡಲಿಲ್ಲ.”