ತೊಟ್ಟಿ ಕಲಿಸಿದ ಕೈ

ಕಾಗದದ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಸೋಡಾ ಮಾವ ಎಂದೇ ಕರೆಯುತ್ತಿದ್ದರು. ಹಾಳೆ ಎಳೆಯುವ ಯಂತ್ರದ ದೊಡ್ಡ ಮೋಟಾರಿನ ವೇಗ ಅವನ ಕೈಯಲ್ಲಿತ್ತು. ಮೋಟಾರಿನ ಪಕ್ಕದಲ್ಲಿ ಸೋಡಾಪುಡಿ ಕದಡಿದ ನೀರಿನ ಕಬ್ಬಿಣದ ತೊಟ್ಟಿ, ಅದರೊಳಗೆ ತೂಗುಬಿಟ್ಟ ತಗಡುಗಳು. ಮೋಟಾರಿಗೆ ಕರೆಂಟು ಹರಿಯುತ್ತಿದ್ದದ್ದು ಆ ನೀರಿನ ಮೂಲಕವೇ. ಚಕ್ರ ತಿರುಗಿಸಿ ತಗಡುಗಳನ್ನು ನೀರಿಗೆ ಇಳಿಸಿದಷ್ಟೂ ಮೋಟಾರು ಓಡುತ್ತಿತ್ತು, ಎತ್ತಿದಷ್ಟೂ ಏದುಸಿರು ಬಿಡುತ್ತ ನಿಧಾನವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಕಾದು ಮೋಟಾರು ತಾನಾಗಿಯೇ ಚುರುಕಾಗುವುದು. ಆಗ ಸೋಡಾ ಮಾವ ಯಾರೊಡನೆಯೋ ಹರಟುತ್ತಲೇ ಚಕ್ರವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುತ್ತಿದ್ದ. ಅದಕ್ಕೆ ಅವನಿಗೆ ಕಣ್ಣೂ ಬೇಕಿರಲಿಲ್ಲ.

ಆ ಹಬೆಯಲ್ಲೇ ಅವನ ತಲೆ ನರೆಯಿತು. ತೊಟ್ಟಿ ಕಿತ್ತುಹಾಕಿ, ವೇಗ ಹೆಚ್ಚುಕಡಿಮೆ ಮಾಡಲು ಒಂದೇ ಒಂದು ತಿರುಪು ಇರುವ ಹೊಸ ಪೆಟ್ಟಿಗೆ ಕೂರಿಸಿದರು. ಅವನಿಗೆ ಬೇಕಾದದ್ದು ಅದರ ಮುಂದಿನ ಸ್ಟೂಲು, ಅಷ್ಟೇ. ಹೆಂಡತಿಯ ತಮ್ಮನೇ ಅಲ್ಲಿ ಮೇಸ್ತ್ರಿ. ಅಕ್ಕ ದುಂಬಾಲು ಬಿದ್ದ ಮೇಲೆ ಅವನು ಒಪ್ಪಿದ.

“ಒಂದು ದಿನ ನಡೆಸಿ ತೋರ್ಸಿ ಭಾವ. ಸರಿಹೋದ್ರೆ ಸ್ಟೂಲು ನಿಮ್ದೇ. ಇದಕ್ಕೂ ಸೋಡಾ ಕುಡಿಸೋಕೆ ಹೋಗ್ಬೇಡಿ ಮತ್ತೆ.”

“ಸೋಡಾ ಜೊತೆ ಏನು ಬೆರೆಸ್ತಾರೆ ಅಂತ ನಿನಗೇ ಚೆನ್ನಾಗಿ ಗೊತ್ತು ಬಿಡಪ್ಪ.”

ಸುತ್ತಲಿದ್ದವರು ನಕ್ಕರು. ಮೇಸ್ತ್ರಿ ನಗಲಿಲ್ಲ.

ಬೆಳಿಗ್ಗೆಯೆಲ್ಲ ಹಾಳೆ ನಯವಾಗಿ ಬಂತು. ಊಟವಾದ ಮೇಲೆ ಸುರುಳಿ ಸುತ್ತುವವನು ಬಂದು ಮಗಳ ಗಂಡನ ಸೋಮಾರಿತನ ಹೇಳಿಕೊಳ್ಳತೊಡಗಿದ. ಸೋಡಾ ಮಾವ ಹೂಂಗುಡುತ್ತ ಕೂತ. ಅವನ ಕೈ ಮಾತ್ರ ಇಲ್ಲದ ನೀರಿನ ಬಿಸಿಗೆ ಹೆದರಿ ತಿರುಪನ್ನು ಚೂರು ಹಿಂದಕ್ಕೆ ಸರಿಸಿತು. ಮತ್ತೆ ಚೂರು. ಯಂತ್ರ ನಿಧಾನವಾಯಿತು, ಮೇಲಿಂದ ಬೀಳುವ ಕಾಗದದ ತಿರುಳು ಮಾತ್ರ ಅಷ್ಟೇ ಬೀಳುತ್ತಿತ್ತು. ಹಾಳೆ ದಪ್ಪವಾಗುತ್ತಾ ಹೋಯಿತು.

ಸಂಜೆ ಮೇಸ್ತ್ರಿ ಅಂಚನ್ನು ಬೆರಳಲ್ಲಿ ಹಿಸುಕಿ ನೋಡಿದ. “ಇದೇನು ಭಾವ, ಕಾಗದಾನಾ, ರಟ್ಟಾ?”

“ಬೆಳಿಗ್ಗೆಯಿಂದ ನಾನದನ್ನ ಮುಟ್ಟೇ ಇಲ್ಲ ಕಣೋ.”

“ಈಗ ಕೈ ಎಲ್ಲಿದೆ ನೋಡ್ಕೊಳ್ಳಿ.”

ಕೈ ತಿರುಪಿನ ಮೇಲೇ ಇತ್ತು. ಸೋಡಾ ಮಾವ ಅದನ್ನು ಬೇರೆ ಯಾರದೋ ಎಂಬಂತೆ ನೋಡಿದ.

ಸ್ಟೂಲು ಮೇಸ್ತ್ರಿಯ ಹೆಂಡತಿಯ ತಮ್ಮನಿಗೆ ಹೋಯಿತು. ಸೋಡಾ ಮಾವನಿಗೆ ಹಿತ್ತಿಲ ಗುಂಡಿಯ ಕೆಲಸ. ತಾನೇ ಕೆಡಿಸಿದ ಸುರುಳಿಗಳನ್ನು ಹರಿದು, ಮತ್ತೆ ತಿರುಳಾಗಲು ನೆನೆಹಾಕಬೇಕು.

ಮನೆಯಲ್ಲಿ ಹೆಂಡತಿ ತಮ್ಮನಿಗೆ ಹಿಡಿಶಾಪ ಹಾಕಿದಳು.

“ಅವನನ್ನ ಬೈಬೇಡ,” ಎಂದ. “ಅವನು ಸ್ಟೂಲು ಕೊಟ್ಟಿದ್ದ. ಈ ಕೈ ಕೆಡಿಸ್ತು.”

“ಇಷ್ಟು ವರ್ಷ ಆ ಕೈಗೇ ತಾನೇ ಸಂಬಳ ಕೊಟ್ಟಿದ್ದು ಅವ್ರು?”

ಮರುದಿನ ಅವನು ಯಾರೂ ಬರುವ ಮೊದಲೇ ಗುಂಡಿಗೆ ಹೋಗಿ ಸುರುಳಿಗಳನ್ನು ಹರಿಯಲು ಕೂತ.